ಸೊಂಟಕ್ಕೆ ಸಿಕ್ಕಿಸಿಕೊಂಡ ಉಸಿರು

ನೀವು ಯಾವತ್ತಾದರೂ ಒಂದು ಮಗುವಿನ ಉಸಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಟ್ಟೆ ಒಗೆದದ್ದುಂಟಾ? ಇಲ್ಲ ಅಲ್ವಾ. ಹಾಗಾದರೆ ಧೈರ್ಯದ ವಿಷಯದಲ್ಲಿ ನನ್ನ ಹತ್ತಿರ ಜಂಬ ಕೊಚ್ಚಲಿಕ್ಕೆ ಬರಬೇಡಿ. ನಾನು ಒಂದು ಬಾಣಂತನದಲ್ಲಿ ದಿನಗಟ್ಟಲೆ ಹಾಗೆ ತಿರುಗಿದ್ದೇನೆ. ಧೈರ್ಯದಿಂದ ಅಂತ ತಿಳಿಯಬೇಡಿ. ಹೆದರಿ ಹೆದರಿಯೇ ತಿರುಗಿದ್ದು.

ಬಾಣಂತನ ಮಾಡುವುದು ನನ್ನ ಕೆಲಸ. ಹೆರಿಗೆಯಾದ ಮನೆಗೆ ಹೋಗಿ ತಾಯಿಗೆ ಎಣ್ಣೆ ತಿಕ್ಕಿ ಮೀಯಿಸುವುದು, ಮಗುವನ್ನು ಕಾಲಿನ ಮೇಲೆ ಮಲಗಿಸಿ ಮೀಯಿಸುವುದು, ಬಟ್ಟೆ ಸುತ್ತಿ ಮಲಗಿಸುವುದು, ಮಗು ಒದ್ದೆ ಮಾಡಿದ ಚಂಡಿ ಬಟ್ಟೆ ಒಗೆದು ಹಾಕುವುದು. ನನ್ನ ಕೈಯಲ್ಲಿ ಮಿಂದ ಮಕ್ಕಳು ಈಗ ಮೀಸೆ ಬಿಟ್ಟುಕೊಂಡು ಬೈಕಿನಲ್ಲಿ ಹೋಗುವಾಗ, 'ನಿನ್ನ ಕುಂಡೆ ನಾನು ನೋಡಿದ್ದೇನೆ ಮಾರಾಯಾ' ಅಂತ ರಸ್ತೆಯಲ್ಲೇ ಹೇಳಿ ಅವರ ಮುಖ ಕೆಂಪು ಮಾಡುವುದು ನನ್ನ ಒಂದು ಖುಷಿ. ಮಕ್ಕಳ ವಿಷಯದಲ್ಲಿ ನನಗೆ ಹೆದರಿಕೆ ಅಂತ ಇರಲಿಲ್ಲ. ಕಾಪುವಿನ ಈ ಮನೆಗೆ ಹೋಗುವವರೆಗೆ.

ಅದು ಹೆದ್ದಾರಿಯ ಬದಿಯ ಮನೆ. ಮುಂದೆ ಜಿನಸಿ ಅಂಗಡಿ, ಹಿಂದೆ ಮನೆ. ಯಜಮಾನರು ಬೋಟಿನಲ್ಲಿ ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ಅಂಗಡಿ ನೋಡುವುದು ಅವರ ಹೆಂಡತಿ. ಮಗಳು ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಅವಳ ಗಂಡನ ಮನೆ ಕಾರ್ಕಳದಲ್ಲಿ, ಗಂಡ ಗಲ್ಫಿನಲ್ಲಿ. ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಹೆಣ್ಣುಮಗು. ತಿಂಗಳು ತುಂಬುವ ಮೊದಲೇ ಅವಸರ ಮಾಡಿ ಬಂದದ್ದು. ಮಣಿಪಾಲದ ಆಸ್ಪತ್ರೆಯಲ್ಲಿ ಬಹಳ ದಿನ ಗಾಜಿನ ಪೆಟ್ಟಿಗೆಯೊಳಗೆ ಇದ್ದು, ತೂಕ ಏರಿದ ಮೇಲೆ ಮನೆಗೆ ಬಂತು. ತೂಕ ಏರಿದೆ ಅಂತ ಅವರು ಹೇಳಿದ್ದು. ನಾನು ಬಟ್ಟೆ ಬಿಡಿಸಿ ನೋಡಿದಾಗ ಎದೆಯ ಎಲುಬು ಎಣಿಸುವ ಹಾಗಿತ್ತು. ಅಳು ಕೂಡ ಬೆಕ್ಕಿನ ಮರಿಯದ್ದು. ನನ್ನ ಕೈ ದೊಡ್ಡದು, ಒರಟು. ಆ ಕೈಗಳನ್ನು ನಾನು ಮೊದಲ ಸಲ ಅನುಮಾನದಿಂದ ನೋಡಿಕೊಂಡೆ.

ಮಣಿಪಾಲದ ಡಾಕ್ಟರ್ ಹೇಳಿ ಕಳಿಸಿದ್ದು ಸರಳವಾಗಿತ್ತು. ಸ್ವಲ್ಪ ಸ್ವಲ್ಪ ಹಾಲು ಕೊಡಿ, ಕೊಟ್ಟ ಮೇಲೆ ಹೆಗಲ ಮೇಲೆ ಹಾಕಿ ತೇಗು ಬರಿಸಿ, ಅಂಗಾತ ಮಲಗಿಸಿ, ಹೊಗೆ ಹಾಕಬೇಡಿ, ಮಗುವಿನ ಎದೆ ನೋಡುತ್ತಾ ಇರಿ. ಯಂತ್ರ ಏನೂ ಬೇಕಂತಿಲ್ಲ. ಆದರೆ ಗಲ್ಫಿನ ಅಪ್ಪನಿಗೆ ಮಗುವಿನ ಎದೆ ಅಲ್ಲಿಂದ ಕಾಣುವುದಿಲ್ಲವಲ್ಲ. ಹೆರಿಗೆಗೆ ಬಂದಾಗ ಅವನು ಒಂದು ಯಂತ್ರ ತಂದಿದ್ದ. ಪುಟ್ಟ ಕಾಲುಚೀಲ. ಅದರೊಳಗೆ ಕೆಂಪು ಬೆಳಕು. ಆ ಬೆಳಕು ಪಾದದ ಚರ್ಮದ ಮೂಲಕ ಹಾದು ರಕ್ತ ಹೇಗೆ ಹರಿಯುತ್ತಾ ಉಂಟು, ಅದರಲ್ಲಿ ಉಸಿರು ಸಾಕಷ್ಟು ಉಂಟಾ ಅಂತ ನೋಡುತ್ತದಂತೆ. ಏನಾದರೂ ಕಮ್ಮಿಯಾದರೆ, ಅದರ ಜೊತೆಗೇ ಬಂದ ಒಂದು ಡಬ್ಬಿ ಮೇಜಿನ ಮೇಲೆ ಕೂತು ಬೊಬ್ಬೆ ಹೊಡೆಯುತ್ತದೆ.

ನಾನು ಹೋದ ಮೊದಲ ಬೆಳಿಗ್ಗೆಯೇ ಅದು ಬೊಬ್ಬೆ ಹೊಡೆಯಿತು. ಬಚ್ಚಲಿನಲ್ಲಿ ಬಾಣಂತಿ ಹುಡುಗಿಯ ತಲೆಗೆ ಎಣ್ಣೆ ಹಾಕಿ ಬೆನ್ನು ತಿಕ್ಕುತ್ತಿದ್ದೆ. ಶಬ್ದ ಕೇಳಿದ್ದೇ ತಡ, ಅವಳು ಉಟ್ಟ ಚಂಡಿ ಬಟ್ಟೆಯಲ್ಲೇ ಎದ್ದು ಓಡಿದಳು. ಎಣ್ಣೆಯ ಕಾಲು ಜಾರಿ ಬಾಗಿಲಿಗೆ ಹಣೆ ಬಡಿಯಿತು. ಹೋಗಿ ನೋಡಿದರೆ ಮಗು ಸುಖವಾಗಿ ಮಲಗಿತ್ತು. ಕಾಲುಚೀಲ ಕಳಚಿ ಹಾಸಿಗೆಯಲ್ಲಿ ಬಿದ್ದಿತ್ತು. ಹುಡುಗಿ ಮಾತ್ರ ಮಗುವನ್ನು ಅವುಚಿಕೊಂಡು ಗಡಗಡ ನಡುಗುತ್ತಿದ್ದಳು. ಆ ದಿನ ಅವಳಿಗೆ ಹಾಲೇ ಬರಲಿಲ್ಲ. ಮರುದಿನವೂ ಹಾಗೆಯೇ. ಮಗು ಎಳೆಯುವುದು, ಅಳುವುದು. ತಾಯಿ ಡಬ್ಬಿಯನ್ನು ನೋಡುವುದು, ಅಳುವುದು.

ಅಂಗಡಿಯ ಅಕ್ಕಿಮೂಟೆಗಳ ಹಿಂದೆ ನಮ್ಮ ಗುಪ್ತ ಸಭೆ ನಡೆಯಿತು. ಹುಡುಗಿಯ ಅಮ್ಮ, ನಾನು, ವೀಡಿಯೊ ಕಾಲಿನಲ್ಲಿ ಅಳಿಯ.

"ಅತ್ತೆ, ಆ ಶಬ್ದ ಬಂದ್ ಮಾಡಿ ಫೋನಿಗೆ ಹಾಕ್ಲಿಕ್ಕೆ ಆಗ್ತದೆ" ಅಂದ ಅಳಿಯ. "ಫೋನ್ ಸೈಲೆಂಟಲ್ಲಿ ಇದ್ರೆ ಬರೀ ನಡುಗುವುದು. ಅವಳಿಗೆ ಗೊತ್ತೇ ಆಗುವುದಿಲ್ಲ."

"ನನ್ನ ಫೋನಿಗೆ ಬೇಡಪ್ಪ" ಅಂದಳು ಅತ್ತೆ. "ಅಂಗಡಿಯಲ್ಲಿ ಜನ ಇರುವಾಗ ನನಗೆ ನನ್ನ ಹೆಸರೇ ನೆನಪಿರುವುದಿಲ್ಲ. ಅಕ್ಕನ ಫೋನಿಗೆ ಹಾಕು."

ಅಕ್ಕ ಅಂದರೆ ನಾನು. "ಮಾರಾಯ್ತಿ, ನನಗೆ ಹಸಿರು ಬಟನ್ ಒತ್ತಲಿಕ್ಕೆ ಮಾತ್ರ ಗೊತ್ತು" ಅಂದೆ.

"ಇದರಲ್ಲಿ ಎಂತದ್ದೂ ಒತ್ತಲಿಕ್ಕಿಲ್ಲ ಅಜ್ಜಿ. ಸೊಂಟದಲ್ಲಿ ಇಟ್ಟುಕೊಂಡರೆ ಸಾಕು. ಅವಳಿಗೆ ಮಾತ್ರ ಹೇಳ್ಬೇಡಿ. ಮಗುವಿಗೆ ಎಲ್ಲ ಸರಿ ಉಂಟು, ಅದಕ್ಕೇ ಡಬ್ಬಿ ಸುಮ್ಮನೆ ಕೂತಿದೆ ಅಂತ ಅವಳು ತಿಳ್ಕೊಳ್ಳಲಿ."

ಆಗ ನನಗೂ ಅದು ಸರಿ ಅಂತಲೇ ಕಂಡಿತು. ಬಾಣಂತಿಯ ಕಿವಿಗೆ ಏನು ಬೀಳಬೇಕು, ಏನು ಬೀಳಬಾರದು ಅಂತ ನಿರ್ಧರಿಸುವುದು ಮೊದಲಿನಿಂದಲೂ ನಮ್ಮ ಕೆಲಸದ ಒಂದು ಭಾಗ. ಸಾವಿನ ಸುದ್ದಿ, ಜಗಳದ ಸುದ್ದಿ ಎಲ್ಲ ನಾವು ಬಾಗಿಲಿನಲ್ಲೇ ತಡೆಯುತ್ತೇವೆ. ಇದೂ ಅಂಥದ್ದೇ ಒಂದು ಅಂದುಕೊಂಡೆ.

ನನ್ನ ಮೊಮ್ಮಗಳು ಉಡುಪಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಹತ್ತಿರ ಫೋನು ತೆಗೆದುಕೊಂಡು ಹೋದೆ. ಅವಳು ಅಳಿಯನ ಹತ್ತಿರ ಮಾತಾಡಿ ಎಲ್ಲ ಕೂಡಿಸಿ, "ಅಜ್ಜಿ, ಕಣ್ಣು ಮುಚ್ಚಿ" ಅಂತ ಫೋನನ್ನು ನನ್ನ ಅಂಗೈಯಲ್ಲಿ ಇಟ್ಟಳು. ಒಂದು ಸಲ ಗಿಡ್ಡವಾಗಿ ನಡುಗಿತು.

"ಇದು ಬಂದರೆ ಕಾಲುಚೀಲದ ಚಾರ್ಜು ಮುಗೀತಾ ಬಂತು ಅಂತ. ಹೆದರ್ಲಿಕ್ಕಿಲ್ಲ."

ಎರಡು ಸಲ ಗಿಡ್ಡವಾಗಿ ನಡುಗಿತು.

"ಇದು ಕಾಲುಚೀಲಕ್ಕೆ ಎಂತದ್ದೂ ಓದ್ಲಿಕ್ಕೆ ಆಗ್ತಾ ಇಲ್ಲ ಅಂತ. ಜಾರಿರ್ತದೆ, ಸರಿ ಮಾಡಿ."

ಆಮೇಲೆ ಉದ್ದಕ್ಕೆ, ನಿಲ್ಲದೆ, ಜೀವಂತ ಮೀನು ಹಿಡಿದ ಹಾಗೆ ನಡುಗಿತು. ಕೈ ಝಾಡಿಸಿ ಕಣ್ಣು ಬಿಟ್ಟೆ.

"ಇದು ಬಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿ" ಅಂದಳು. ನಗಲಿಲ್ಲ. ನನಗೂ ನಗು ಬರಲಿಲ್ಲ.

ಅದೇ ದಿನ ಅವಳು ನನಗೆ ಟೈಪ್ ಮಾಡುವುದನ್ನೂ ಕಲಿಸಿದಳು. ಬಾಣಂತಿಯ ಮುಂದೆ ಫೋನಿನಲ್ಲಿ ಮಾತಾಡಿದರೆ ಗುಟ್ಟು ಉಳಿಯುವುದಿಲ್ಲವಲ್ಲ. 'ಚೀಲ ಸರಿ', 'ಮಗು ಸರಿ' ಅಂತ ಅಳಿಯನಿಗೆ ಕಳಿಸುವುದು ನನ್ನ ಮೊದಲ ಬರವಣಿಗೆ. ಒಮ್ಮೆ ಬೇಕಂತಲೇ 'ಅತ್ತೆ ಸರಿಯಿಲ್ಲ' ಅಂತ ಕಳಿಸಿದೆ. ಅವನು ಗಾಬರಿಯಾಗಿ ಅಂಗಡಿಗೆ ಫೋನ್ ಮಾಡಿದ. ತಮಾಷೆ ಗಲ್ಫಿನಷ್ಟು ದೂರ ಹೋಗುವಷ್ಟರಲ್ಲಿ ಹಳಸುತ್ತದೆ ಅಂತ ಕಾಣುತ್ತದೆ.

ನಾನು ಮೊದಲು ಎಲೆಯಡಿಕೆ ಇಡುತ್ತಿದ್ದ ಬಟ್ಟೆಯ ಸಂಚಿಯಲ್ಲಿ ಫೋನು ಹಾಕಿ, ಬಲಗಡೆ ಸೀರೆಗೆ ಸಿಕ್ಕಿಸಿಕೊಂಡೆ. ಮೊದಲ ದಿನವೇ ಅದು ನಡುಗಿತು. ಓಡಿದೆ. ಮಗು ಮಲಗಿತ್ತು. ಫೋನು ನೋಡಿದರೆ ನಮ್ಮ ಭಜನೆಯ ಗುಂಪಿನಿಂದ ಗುಲಾಬಿ ಹೂವಿನ ಚಿತ್ರ, ಶುಭೋದಯ ಅಂತ. ಮತ್ತೆ ಉಡುಪಿಗೆ ಹೋಗಿ, ಆ ಮೂರು ನಡುಕ ಬಿಟ್ಟು ಬೇರೆ ಯಾರ ನಡುಕವೂ ಬಾರದ ಹಾಗೆ ಮಾಡಿಸಿಕೊಂಡು ಬಂದೆ. ಭಜನೆಯವರು ನಾನು ಸಿಟ್ಟಾಗಿದ್ದೇನೆ ಅಂತ ತಿಳಿದರು.

ಬಟ್ಟೆಯ ಸಂಚಿ ದಪ್ಪ. ಬಗ್ಗಿದರೆ ಫೋನು ಹೊಟ್ಟೆಯಿಂದ ದೂರ ಹೋಗುತ್ತದೆ, ನಡುಗಿದ್ದು ಗೊತ್ತಾಗುವುದಿಲ್ಲ. ಸಂಚಿ ಬಿಟ್ಟು, ಲಂಗದ ಲಾಡಿಗೆ ಒತ್ತಿ ಸಿಕ್ಕಿಸಿ, ಮೇಲಿಂದ ಸೀರೆ ಬಿಗಿದೆ. ಆಮೇಲೆ ಮಿಕ್ಸಿ ಹಾಕುವಾಗ ತೊಂದರೆ. ಮಿಕ್ಸಿ ಇಟ್ಟ ಕಲ್ಲಿಗೆ ಸೊಂಟ ತಾಗಿದರೆ ಇಡೀ ಮೈ ನಡುಗುತ್ತದೆ. ಅದರಲ್ಲಿ ಯಾವುದು ಮಸಾಲೆ, ಯಾವುದು ಮಗು? ಸ್ವಲ್ಪ ಅರೆಯುವುದು, ನಿಲ್ಲಿಸುವುದು, ಸೊಂಟಕ್ಕೆ ಕೈ ಇಡುವುದು, ಮತ್ತೆ ಅರೆಯುವುದು. ಬಂಗುಡೆ ಮೀನಿನ ಸಾರು ಆಗುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತಿತ್ತು.

ಒಂದು ಭಾನುವಾರ ಫೋನನ್ನು ಹುಡುಗಿಯ ಅಮ್ಮನ ಕೈಗೆ ಕೊಟ್ಟು ಮನೆಗೆ ಹೊರಟೆ. ಬಸ್ಸು ಕಟಪಾಡಿ ತಲುಪುವಾಗ ಸೊಂಟದಲ್ಲಿ ಉದ್ದಕ್ಕೆ ನಡುಗಿತು. ಅಯ್ಯೋ ಅಂತ ಸೀಟಿನಿಂದ ಎದ್ದೆ. ಕೈ ಹಾಕಿದರೆ ಅಲ್ಲಿ ಫೋನೇ ಇಲ್ಲ. ನನ್ನ ಚರ್ಮ ತಾನಾಗಿಯೇ ನಡುಗುವುದನ್ನು ಕಲಿತುಬಿಟ್ಟಿತ್ತು. ಕಂಡಕ್ಟರ್, "ಎಂತ ಅಜ್ಜಿ, ಇಳೀಲಿಕ್ಕುಂಟಾ?" ಅಂತ ಕೇಳಿದ. ಇಳಿದು, ಎದುರಿನ ಬಸ್ಸು ಹತ್ತಿ, ಮನೆಗೆ ಹೋಗದೆ ವಾಪಸು ಕಾಪುವಿಗೆ ಬಂದೆ. ಮಗು ಸರಿಯಿತ್ತು. ನಾನೇ ಸರಿಯಿರಲಿಲ್ಲ.

ಇಷ್ಟೆಲ್ಲ ಆದರೂ ಹುಡುಗಿಗೆ ಹಾಲು ಬಂತು. ಮಗು ಕುಡಿಯಿತು. ಅದನ್ನು ನೋಡಿ ನಾವು ಗೆದ್ದೆವು ಅಂತ ನಾನೂ ಅವಳ ಅಮ್ಮನೂ ಕಣ್ಣಿನಲ್ಲೇ ಮಾತಾಡಿಕೊಂಡೆವು.

ಆದರೆ ಎರಡು ಗಿಡ್ಡ ನಡುಕ ಬರುವುದು ಮಾತ್ರ ನಿಲ್ಲಲಿಲ್ಲ. ಮಗುವನ್ನು ಮೀಯಿಸುವ ಮೊದಲು ಕಾಲುಚೀಲ ತೆಗೆಯಬೇಕು. ಮೀಯಿಸಿದ ಮೇಲೆ ಒರೆಸಿ ಹಾಕಬೇಕು. ನಮ್ಮದು ತೆಂಗಿನೆಣ್ಣೆಯ ಸ್ನಾನ. ಬೆರಳ ಸಂದಿಗೂ ಎಣ್ಣೆ ಹೋಗುವ ಹಾಗೆ ತಿಕ್ಕದಿದ್ದರೆ ನನಗೆ ಮೀಯಿಸಿದ ಹಾಗೇ ಆಗುವುದಿಲ್ಲ. ಎಷ್ಟು ಒರೆಸಿದರೂ ಪಾದದಲ್ಲಿ ಜಿಡ್ಡು ಉಳಿಯುತ್ತದೆ, ಚೀಲ ಜಾರುತ್ತದೆ. ಎರಡು ಗಿಡ್ಡ. ಹೋಗಿ ಸರಿ ಮಾಡುವುದು. ಮತ್ತೆ ಎರಡು ಗಿಡ್ಡ. ಬರುಬರುತ್ತಾ ಎರಡು ಗಿಡ್ಡ ನಡುಕ ಅಂದರೆ ಎಣ್ಣೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೈಯ ಕೆಲಸ ಮುಗಿಸಿ ಹೋಗಿ ನೋಡಿದರಾಯಿತು ಅನ್ನುವ ಅಭ್ಯಾಸ ಬಂತು.

ಒಂದು ಬೆಳಿಗ್ಗೆ ಮಗುವನ್ನು ಮೀಯಿಸಿ, ತಾಯಿ ಹಾಲು ಕೊಟ್ಟು, ತೇಗು ಬರಿಸಿ, ತೊಟ್ಟಿಲಲ್ಲಿ ಮಲಗಿಸಿದೆವು. ಹುಡುಗಿ ತಲೆ ಒಣಗಿಸಿಕೊಳ್ಳುತ್ತಾ ಪಕ್ಕದಲ್ಲೇ ಮಂಚದ ಮೇಲೆ ಒರಗಿದ್ದಳು, ಅಲ್ಲೇ ಜೋಂಪು ಹತ್ತಿತ್ತು. ನಾನು ಹಿತ್ತಲಿನ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಎರಡು ಗಿಡ್ಡ ಬಂತು. ಎಣ್ಣೆ ಅಂದುಕೊಂಡೆ. ಕೈಯಲ್ಲಿದ್ದ ಬಟ್ಟೆ ಹಿಂಡಿದೆ. ಮತ್ತೆ ಎರಡು ಗಿಡ್ಡ. ಇನ್ನೊಂದು ಬಟ್ಟೆ ಕಲ್ಲಿಗೆ ಹಾಕಿದೆ.

ಆಮೇಲೆ ಏನೂ ಬರಲಿಲ್ಲ. ಆ ಸುಮ್ಮನಿರುವುದೇ ನನಗೆ ಯಾಕೋ ಹಿಡಿಸಲಿಲ್ಲ. ಚೀಲ ಜಾರಿದ್ದರೆ ಅದು ಸುಮ್ಮನಿರುವ ಜಾತಿಯದ್ದಲ್ಲ, ಹೋಗಿ ಸರಿ ಮಾಡುವವರೆಗೆ ಚುಚ್ಚುತ್ತಾ ಇರುತ್ತದೆ. ತಲೆ ಎತ್ತಿ ಕಿಟಕಿ ನೋಡಿದೆ. ಅಷ್ಟರಲ್ಲಿ ಸೊಂಟದಲ್ಲಿ ಉದ್ದಕ್ಕೆ ಬಂತು. ನಿಲ್ಲಲಿಲ್ಲ.

ನಾನು ಹೇಗೆ ಓಡಿದೆ ಗೊತ್ತಿಲ್ಲ. ಸಾಬೂನಿನ ಕೈ, ಚಂಡಿ ಸೀರೆ. ತೊಟ್ಟಿಲಿನ ಬಟ್ಟೆ ಸರಿಸಿದೆ. ಕಾಲುಚೀಲ ಕಾಲಿನಲ್ಲೇ ಇತ್ತು, ಸರಿಯಾಗಿಯೇ ಇತ್ತು. ಮಗುವಿನ ತುಟಿ ನೇರಳೆ ಹಣ್ಣು ತಿಂದ ಹಾಗಾಗಿತ್ತು. ಮುಖ ಬೂದಿ ಬಣ್ಣ. ಎದೆ ಮೇಲೆ ಬರುತ್ತಿರಲಿಲ್ಲ.

ನನ್ನ ಎದೆಯೂ ಆಗ ನಿಂತಿತ್ತು ಅಂತ ಕಾಣುತ್ತದೆ. ಆದರೆ ಕೈಗೆ ಅದು ಗೊತ್ತಿರಲಿಲ್ಲ, ಅದು ತನ್ನಷ್ಟಕ್ಕೆ ಕೆಲಸ ಮಾಡಿತು. ಮಗುವನ್ನು ಎತ್ತಿ ಎಡಗೈಯ ಮೇಲೆ ಕವುಚಿ ಹಾಕಿ, ತಲೆ ಸ್ವಲ್ಪ ತಗ್ಗಿಸಿದೆ. ಬಾಯಿಯ ಬದಿಯಿಂದ ಹಾಲು ಇಳಿಯಿತು, ಸೆರಗಿನಿಂದ ಒರೆಸಿದೆ. ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕಿದೆ. ಏನೂ ಇಲ್ಲ. ಕಾಲುಚೀಲ ಕಿತ್ತು ಎಸೆದು ಅಂಗಾಲಿಗೆ ಬೆರಳಿನಿಂದ ಹೊಡೆದೆ. ಮತ್ತೆ ಹೊಡೆದೆ. ಸೊಂಟದಲ್ಲಿ ಫೋನು ನಡುಗುತ್ತಲೇ ಇತ್ತು, ಯಾರೋ ನನ್ನನ್ನು ಹಿಡಿದು ಅಲ್ಲಾಡಿಸುವ ಹಾಗೆ. ಮೂರನೆಯದು ಜೋರಾಗಿ ಹೊಡೆದೆ. ಮಗು ಒಮ್ಮೆ ಬಿಕ್ಕಿ, ಉಸಿರು ಎಳೆದು, ಅತ್ತಿತು.

ಹುಡುಗಿ ಮಂಚದಿಂದ ಎದ್ದು ನಿಂತಿದ್ದಳು.

"ಅಮ್ಮನನ್ನು ಕರಿ. ಕಾರು" ಅಂದೆ.

ಅಂಗಡಿಗೆ ಸಾಮಾನಿಗೆ ಬಂದಿದ್ದ ಒಬ್ಬರು ನಮ್ಮನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೊರಟರು. ಮುಂದೆ ಹುಡುಗಿಯ ಅಮ್ಮ, ಹಿಂದೆ ನಾವು. ಮಗು ತಾಯಿಯ ಎದೆಯ ಮೇಲೆ, ಅದರ ಬೆನ್ನ ಮೇಲೆ ನನ್ನ ಅಂಗೈ. ಫೋನು ಸೊಂಟದಲ್ಲೇ ಇತ್ತು, ಆದರೆ ಹೆದ್ದಾರಿಯಲ್ಲಿ ಆ ಕಾರು ನಡುಗುವಾಗ ಅದರಿಂದ ನನಗೇನೂ ತಿಳಿಯುವಂತಿರಲಿಲ್ಲ. ಕಾಲುಚೀಲ, ಡಬ್ಬಿ ಎರಡೂ ಮನೆಯಲ್ಲೇ ಉಳಿದದ್ದರಿಂದ ಅದಕ್ಕೂ ಏನೂ ತಿಳಿಯುವಂತಿರಲಿಲ್ಲ ಅಂತ ಆಮೇಲೆ ಮೊಮ್ಮಗಳು ಹೇಳಿದಳು. ನನ್ನ ಅಂಗೈ ಕೆಳಗೆ ಆ ಪುಟ್ಟ ಬೆನ್ನು ಏಳುವುದು, ಇಳಿಯುವುದು. ಇಳಿದ ಮೇಲೆ ಮತ್ತೆ ಏಳುವವರೆಗೆ ನಾನು ಉಸಿರು ಹಿಡಿದಿರುತ್ತಿದ್ದೆ. ಕಟಪಾಡಿ ಬಂತು, ಹೋಯಿತು. ನನ್ನ ಮನೆಯ ದಾರಿ ಕಾಣಿಸಿತೋ ಇಲ್ಲವೋ ನೆನಪಿಲ್ಲ.

ಉಡುಪಿ ಹತ್ತಿರ ಬರುವಾಗ ಹುಡುಗಿ ಕೇಳಿದಳು.

"ಅಜ್ಜಿ, ನೀವು ಕಲ್ಲಿನ ಹತ್ರ ಇದ್ರಿ. ಮಗು ಶಬ್ದವೇ ಮಾಡ್ಲಿಲ್ಲ. ನಾನು ಪಕ್ಕದಲ್ಲೇ ಇದ್ದು ನನಗೆ ಗೊತ್ತಾಗ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಮುಂದಿನ ಸೀಟಿನಿಂದ ಅವಳ ಅಮ್ಮ ತಿರುಗಿ ನೋಡಿದಳು. ಕಣ್ಣಿನಲ್ಲೇ ಬೇಡ ಅಂದಳು. ಸುಳ್ಳು ಹೇಳುವುದು ಸುಲಭವಿತ್ತು. ದೇವರು ಹೇಳಿಸಿದ ಅಂದರೆ ಸಾಕಿತ್ತು, ಎಲ್ಲರೂ ಕೈ ಮುಗಿಯುತ್ತಿದ್ದರು, ನನಗೂ ಸ್ವಲ್ಪ ಹೆಸರು ಬರುತ್ತಿತ್ತು. ಆದರೆ ಹುಡುಗಿಯ ಪ್ರಶ್ನೆಯ ಒಳಗಿದ್ದದ್ದು ನನಗೆ ಕೇಳಿಸಿತು. ಪಕ್ಕದಲ್ಲೇ ಇದ್ದು ಗೊತ್ತಾಗದ ತಾಯಿ ನಾನು ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅದನ್ನು ಹಾಗೆ ಬಿಟ್ಟರೆ ಅವಳು ಜನ್ಮ ಪೂರ್ತಿ ಅದನ್ನೇ ಹೊರುತ್ತಾಳೆ.

ಒಂದು ಕೈ ಮಗುವಿನ ಬೆನ್ನಿನಿಂದ ತೆಗೆಯದೆ, ಇನ್ನೊಂದು ಕೈಯಿಂದ ಸೊಂಟದ ಫೋನು ಎಳೆದು ಅವಳ ತೊಡೆಯ ಮೇಲೆ ಇಟ್ಟೆ.

"ಇದು ಹೇಳಿತು ಮಗಾ. ಆ ಡಬ್ಬಿ ಸುಮ್ಮನೆ ಕೂತದ್ದಲ್ಲ. ನಾವು ಅದರ ಬಾಯಿ ಮುಚ್ಚಿಸಿ, ಮಾತನ್ನೆಲ್ಲ ನನ್ನ ಸೊಂಟಕ್ಕೆ ತಂದದ್ದು. ನೀನು ಹೆದರಬಾರದು ಅಂತ."

"ಯಾರ್ಯಾರಿಗೆ ಗೊತ್ತಿತ್ತು?"

"ನನಗೆ, ನಿನ್ನ ಅಮ್ಮನಿಗೆ, ನಿನ್ನ ಗಂಡನಿಗೆ."

"ನಿಮ್ಮ ಮೊಮ್ಮಗಳಿಗೆ?"

"ಅವಳಿಗೂ."

ಅವಳು ಮಣಿಪಾಲ ಬರುವವರೆಗೆ ಆ ಫೋನನ್ನು ಕೈಯಿಂದ ಬಿಡಲಿಲ್ಲ. ಅವಳ ಅಮ್ಮ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಹೋದರು. ಒಬ್ಬರು ಡಾಕ್ಟರ್ ಹೊರಗೆ ಬಂದು ಒಂದೊಂದೇ ಕೇಳಿದರು. ಹಾಲು ಕುಡಿದು ಎಷ್ಟು ಹೊತ್ತಾಗಿತ್ತು, ತುಟಿಯ ಬಣ್ಣ ಏನಿತ್ತು, ಕೈಕಾಲು ಮೆತ್ತಗಿತ್ತಾ, ಏನು ಮಾಡಿದಿರಿ. ನಾನು ಎಲ್ಲ ಹೇಳಿದೆ. ಎರಡು ಗಿಡ್ಡ ನಡುಕ ಬಂದದ್ದನ್ನು, ನಾನು ಬಟ್ಟೆ ಹಿಂಡಿದ್ದನ್ನೂ ಹೇಳಿದೆ. ಹುಡುಗಿ ಪಕ್ಕದಲ್ಲಿ ನಿಂತು ಕೇಳಿದಳು. ಅದನ್ನು ಹೇಳುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮಗುವಿಗೆ ರಕ್ತ ಕಮ್ಮಿಯಾಗಿತ್ತು. ಬೇಗ ಹುಟ್ಟಿದ ಮಕ್ಕಳಲ್ಲಿ ಹಾಗಾಗುವುದುಂಟಂತೆ. ಅದರ ಮೇಲೆ ಹಾಲು ಗಂಟಲಿಗೆ ಬಂದು ಉಸಿರು ಕಟ್ಟಿತ್ತು. ರಕ್ತ ಕೊಡುತ್ತೇವೆ, ಕೆಲವು ದಿನ ಇಲ್ಲೇ ಇರಲಿ ಅಂದರು ಡಾಕ್ಟರ್. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಆ ಯಂತ್ರಕ್ಕೆ ಓದ್ಲಿಕ್ಕೆ ಆಗ್ಲಿಲ್ಲ ಅಂದ್ರೆ ಚೀಲ ಜಾರಿದ್ದೇ ಆಗ್ಬೇಕು ಅಂತಿಲ್ಲ. ಪಾದಕ್ಕೆ ರಕ್ತ ಸರಿಯಾಗಿ ಬರದಿದ್ರೂ ಅದಕ್ಕೆ ಓದ್ಲಿಕ್ಕೆ ಆಗುವುದಿಲ್ಲ. ಮೊದಲು ಮಗು ನೋಡಿ, ಆಮೇಲೆ ಚೀಲ ನೋಡಿ" ಅಂದರು. ಬೈದ ಹಾಗೆ ಹೇಳಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ವರಾಂಡದ ಬೆಂಚಿನಲ್ಲಿ ಕೂತೆವು. ಹುಡುಗಿಯ ಅಮ್ಮ ಗಲ್ಫಿಗೆ ಫೋನ್ ಮಾಡಲು ಹೊರಗೆ ಹೋದಳು. ನಾನು ಹುಡುಗಿಗೆ ಹೇಳಿದೆ, "ನಾನು ಇನ್ನು ಬರುವುದಿಲ್ಲ ಮಗಾ. ಬೇರೆ ಯಾರನ್ನಾದರೂ ಹುಡುಕಿ ಕೊಡ್ತೇನೆ. ನನ್ನ ಕೈಗೆ ಈಗ ಹೆದರಿಕೆ ಹಿಡಿದಿದೆ."

"ನಿಮ್ಮ ಕೈ ಹೆದರಿದ್ದು ನನಗೆ ಮೊದಲೇ ಗೊತ್ತು" ಅಂದಳು.

"ಎಂತ?"

"ಅಜ್ಜಿ, ನೀವು ಎರಡು ಮಾತಿಗೆ ಒಮ್ಮೆ ಸೊಂಟ ಮುಟ್ಟಿಕೊಳ್ತೀರಿ. ಮುಟ್ಟಿದ ಕೂಡ್ಲೆ ತೊಟ್ಟಿಲು ನೋಡ್ತೀರಿ. ಆಮೇಲೆ ಅಮ್ಮನ ಮುಖ ನೋಡ್ತೀರಿ. ಅಮ್ಮ ನೆಲ ನೋಡ್ತಾಳೆ. ಡಾಕ್ಟರ್ ನನಗೆ ಹೇಳದೆ ನಿಮಗೆ ಏನೋ ಹೇಳಿದ್ದಾರೆ ಅಂದ್ಕೊಂಡೆ. ಮಗು ಉಳಿಯುವುದಿಲ್ಲ, ಅದಕ್ಕೇ ಎಲ್ಲರೂ ನನ್ನ ಹತ್ರ ನಗ್ತಾ ಇದ್ದಾರೆ ಅಂದ್ಕೊಂಡೆ."

"ಮತ್ತೆ ಕೇಳ್ಬೇಕಿತ್ತಲ್ಲ ಮಾರಾಯ್ತಿ."

"ಕೇಳಿದ್ರೆ ನೀವು ಹೌದು ಅಂದ್ರೆ?"

ಇಷ್ಟು ದಿನ ಅವಳು ತಲೆ ಬಾಗಿಸಿ ಮಗುವಿಗೆ ಹಾಲು ಕೊಡುವುದನ್ನು ನೋಡಿ ನಾವು ಗೆದ್ದೆವು ಅಂದುಕೊಂಡಿದ್ದೆವು. ಅವಳು ಆಗೆಲ್ಲ ಮಗುವಿನ ಮುಖ ಕಂಠಪಾಠ ಮಾಡುತ್ತಿದ್ದಳಂತೆ.

ಮಗುವಿಗೆ ಬಣ್ಣ ಬಂತು. ಮನೆಗೆ ಕಳಿಸಿದರು. ಬರುವುದಿಲ್ಲ ಅಂದ ನಾನು ಅವರ ಜೊತೆಯೇ ಕಾಪುವಿಗೆ ಬಂದೆ. ಹುಡುಗಿ ಮೊದಲು ಮಾಡಿದ್ದು ನನ್ನ ಮೊಮ್ಮಗಳಿಗೆ ಫೋನ್. "ಅಕ್ಕ, ಇನ್ನು ಮುಂದೆ ಅದು ನನ್ನ ಫೋನಿಗೆ ಬರುವ ಹಾಗೆ ಮಾಡಿ. ನಡುಕ ಮೂರೂ ನನಗೆ ಕಲಿಸಿ."

ಅಮ್ಮ ಬೇಡ ಅಂದಳು, ಅಳಿಯ ಬೇಡ ಅಂದ. ನಾನು ಬೇಕು ಅಂದೆ. ಹೇಳಿದೆನೇ ಹೊರತು ನನಗೂ ಹೆದರಿಕೆಯೇ. ಮತ್ತೆ ಹಾಲು ನಿಂತರೆ?

ಮೊಮ್ಮಗಳು ಉಡುಪಿಯಿಂದ ಬಂದು ಎಲ್ಲ ಬದಲಿಸಿದಳು. ಹುಡುಗಿ ಕಣ್ಣು ಮುಚ್ಚಿ ಫೋನನ್ನು ಅಂಗೈಯಲ್ಲಿ ಹಿಡಿದಳು. ಒಂದು ಗಿಡ್ಡ. ಎರಡು ಗಿಡ್ಡ. ಉದ್ದದ್ದು ಬಂದಾಗ ಮುಖ ಬಿಳಿಚಿತು, ಆದರೆ ಕೈ ಬಿಡಲಿಲ್ಲ. "ಇನ್ನೊಮ್ಮೆ" ಅಂದಳು. ಬಿಳಿಚುವುದು ನಿಲ್ಲುವವರೆಗೆ ಇನ್ನೊಮ್ಮೆ, ಇನ್ನೊಮ್ಮೆ ಅಂತ ಕೇಳಿದಳು. ಆಸ್ಪತ್ರೆಯ ನರ್ಸ್ ಅವಳಿಗೆ ಬೆನ್ನು ತಿಕ್ಕುವುದನ್ನು, ಅಂಗಾಲಿಗೆ ಹೊಡೆಯುವುದನ್ನು ಒಂದು ಗೊಂಬೆಯ ಮೇಲೆ ತೋರಿಸಿ ಕಳಿಸಿದ್ದರು. ಅದನ್ನು ನಾವು ತಲೆದಿಂಬಿನ ಮೇಲೆ ಮಾಡಿದೆವು. ನನ್ನದು ಇದೊಂದು ಬದಲಾವಣೆ: ಮಗುವಿನ ಪಾದಕ್ಕೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದೆ. ಕೈ ಆ ಕಡೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಊಟಕ್ಕೆ ಕೂತಿದ್ದಾಗ ಅವಳಿಗೆ ಮೊದಲ ನಡುಕ ಬಂತು. ಎರಡು ಗಿಡ್ಡ ಅಂತ ಬೆರಳಿನಲ್ಲಿ ತೋರಿಸಿ ಎದ್ದಳು. ತೊಟ್ಟಿಲಿಗೆ ಬಗ್ಗಿ ತುಟಿ ನೋಡಿದಳು, ಎದೆ ನೋಡಿದಳು, ಎಡಗೈಯ ಹಿಂಬದಿಯನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಚೀಲ ನೋಡಿದಳು. ಜಾರಿತ್ತು. ಸರಿ ಮಾಡಿ ಬಂದು ಮೀನಿನ ಮುಳ್ಳು ಬಿಡಿಸುತ್ತಾ ಕೂತಳು. ನಡುಗುತ್ತಿದ್ದದ್ದು ನಾನು. ಹಾಲು ನಿಲ್ಲಲಿಲ್ಲ.

ಮಗು ಗುಂಡಗಾಗದಿದ್ದರೂ ಎದೆಯ ಎಲುಬು ಕಾಣದಷ್ಟು ಆಯಿತು. ಕಾರ್ಕಳದಿಂದ ಹುಡುಗಿಯ ಅತ್ತೆ ಕರೆದುಕೊಂಡು ಹೋಗಲು ಬಂದರು. ಉದ್ದದ ನಡುಕ ಮತ್ತೆ ಬಂದಿರಲಿಲ್ಲ. ಬರುವುದೇ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬೇರೆ ಮನೆಗಳಲ್ಲಿ ಆ ದಿನ ನಾನು ಬಾಣಂತಿಯನ್ನು ಅಳಿಸಿ ನಗಿಸಿ ಹೊರಡುವವಳು. ಈ ಸಲ ಕಾರಿನ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟೆ. ಕಾರ್ಕಳದಿಂದ ಮಣಿಪಾಲಕ್ಕೆ ಎಷ್ಟು ದೂರ, ಆ ಮನೆಯಲ್ಲಿ ಕಾರು ಯಾವಾಗಲೂ ಇರುತ್ತದಾ, ತೊಟ್ಟಿಲು ಎಲ್ಲಿ ಕಟ್ಟುತ್ತಾರೆ ಅಂತ ಅವಳ ಅತ್ತೆಯ ತಲೆ ತಿಂದೆ.

ಕೊನೆಗೆ ಹುಡುಗಿಯ ಕಿವಿಯ ಹತ್ತಿರ ಬಗ್ಗಿ, "ಮಗಾ, ಅಲ್ಲಿ ಹೋದ ಮೇಲೆ ಎಂತದಾದ್ರೂ ಹೆಚ್ಚುಕಮ್ಮಿ ಆದ್ರೆ ನನಗೆ ಮಾತ್ರ ಹೇಳ್ಬೇಡ. ಪ್ರಾಯ ಆಯ್ತು, ನನ್ನ ಎದೆ ತಡೆಯುವುದಿಲ್ಲ" ಅಂದೆ.

ಅವಳು ಮಗುವಿನ ಟೊಪ್ಪಿ ಸರಿ ಮಾಡುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು:

"ಹೇಳ್ತೇನೆ ಅಜ್ಜಿ. ಹೇಳದಿದ್ರೆ ಹೆದರಿಕೆ ಎಷ್ಟು ದೊಡ್ಡದಾಗ್ತದೆ ಅಂತ ನನಗೆ ಗೊತ್ತುಂಟು. ನಿಮಗೆ ಗೊತ್ತಿಲ್ಲ, ನೀವು ಯಾವಾಗ್ಲೂ ಹೇಳದೆ ಇರುವವರ ಬದಿಯಲ್ಲೇ ಇದ್ದದ್ದು."